ಬೆಂಚುಗಳ ನಡುವಿನ ದಾರಿ

ಶಾಲೆ ಬಿಟ್ಟು ಮನೆಯಿಂದ ಪಾಠ ಶುರು ಮಾಡಿದ ಮೇಷ್ಟ್ರುಗಳು, ಮೇಡಂಗಳು ಎರಡು ತಿಂಗಳಾಗುವಷ್ಟರಲ್ಲಿ ಒಂದೇ ಮಾತು ಹೇಳುತ್ತಾರೆ. “ಪಾಠ ಚೆನ್ನಾಗೇ ಆಗ್ತಿದೆ. ಮಕ್ಕಳೂ ಹೂಂ ಹೂಂ ಅಂತಾರೆ. ಆದ್ರೆ ತಲೆಗೆ ಹೋಯ್ತೋ ಇಲ್ವೋ ಅಂತ ಮಾತ್ರ ತಿಳೀತಿಲ್ಲ.” ಹೇಳುವವರು ಹೊಸಬರಲ್ಲ, ಹದಿನೈದು ಇಪ್ಪತ್ತು ವರ್ಷ ಸೀಮೆಸುಣ್ಣ ಹಿಡಿದವರು. ಹಾಸನದ ವಿದ್ಯಾನಗರದಲ್ಲಿ ಮಹಡಿ ಮೇಲಿನ ಕೋಣೆ ಖಾಲಿ ಮಾಡಿಕೊಂಡು, ಗೋಡೆಗೆ ಬಿಳಿ ಬೋರ್ಡು ಹೊಡೆಸಿ, ಫೈಬರ್ ನೆಟ್ ಹಾಕಿಸಿ ಕೂತವರೂ ಇದನ್ನೇ ಹೇಳುತ್ತಾರೆ. ಮೂಡಿಗೆರೆಯಲ್ಲಿ ಮೊಬೈಲ್ ಡೇಟಾ ನಂಬಿಕೊಂಡವರೂ ಇದನ್ನೇ ಹೇಳುತ್ತಾರೆ. ಸಲಕರಣೆ ಇದ್ದವರಿಗೂ ಇಲ್ಲದವರಿಗೂ ಒಂದೇ ತೊಡಕು ಅಂದಮೇಲೆ, ಶಾಲೆಯಲ್ಲಿ ಮಾಡುತ್ತಿದ್ದ ಯಾವುದೋ ಒಂದು ಕೆಲಸ ಮನೆಗೆ ಬರುವಾಗ ಅಲ್ಲೇ ಉಳಿದುಬಿಟ್ಟಿದೆ.

ಆ ಕೆಲಸಕ್ಕೆ ಹೆಸರಿಲ್ಲ. ಟೈಮ್ ಟೇಬಲ್ಲಿನಲ್ಲಿ ಅದಕ್ಕೆ ಜಾಗವಿಲ್ಲ, ಲೆಸನ್ ಪ್ಲಾನ್ ಬರೆಯುವಾಗ ಯಾರೂ ಅದನ್ನು ಬರೆಯುವುದಿಲ್ಲ. ಲೆಕ್ಕ ಕೊಟ್ಟು, “ಮಾಡ್ರಪ್ಪ” ಅಂತ ಹೇಳಿ, ಬೆಂಚುಗಳ ನಡುವೆ ಸುಮ್ಮನೆ ಓಡಾಡುವುದು.

ಏಳನೇ ತರಗತಿ ಅಂದುಕೊಳ್ಳಿ. ಬೋರ್ಡಿನ ಮೇಲೆ ಮುಕ್ಕಾಲು ಕೂಡಿಸು ಐದನೇ ಎರಡು. ಮೂರನೇ ಬೆಂಚಿನ ಹುಡುಗಿ ಗೆರೆ ಎಳೆಯುತ್ತಾಳೆ, 4 ಮತ್ತು 5ರ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) 20 ಅಂತ ಗೆರೆಯ ಕೆಳಗೆ ಸರಿಯಾಗಿ ಬರೆಯುತ್ತಾಳೆ. ಪೆನ್ಸಿಲ್ ಮೇಲಕ್ಕೆ ಹೋಗುತ್ತದೆ, 3ರ ಹತ್ತಿರ ನಿಲ್ಲುತ್ತದೆ. ಎರಡು ಸೆಕೆಂಡು, ಮೂರು ಸೆಕೆಂಡು. ಆಮೇಲೆ 3 ಕೂಡಿಸು 2 ಅಂತ ಬರೆದು, 20ನೇ 5 ಅಂತ ಮುಗಿಸುತ್ತಾಳೆ. ಅನುಭವ ಇರುವ ಮೇಡಂ ಪೆನ್ಸಿಲ್ ನಿಂತ ಆ ಎರಡು ಸೆಕೆಂಡಿನಲ್ಲೇ ಬಗ್ಗಿ, 4ರ ಮೇಲೆ ಬೆರಳಿಟ್ಟು ಕೇಳುತ್ತಾರೆ: “ಇದು ಇಪ್ಪತ್ತಾಗ್ಬೇಕಾದ್ರೆ ಎಷ್ಟರಿಂದ ಗುಣಿಸ್ದೆ ಪುಟ್ಟಿ?” “ಐದು ಮಿಸ್.” “ಹಾಗಾದ್ರೆ ಮೇಲಿಂದಕ್ಕೆ?” ಅಷ್ಟು ಸಾಕು. 15 ಕೂಡಿಸು 8, 20ನೇ 23. ಛೇದ ಬದಲಾದರೆ ಅಂಶವೂ ಅಷ್ಟೇ ಪಟ್ಟು ಬದಲಾಗಬೇಕು ಅನ್ನುವುದು ಅವಳಿಗೆ ಮರೆತಿತ್ತು ಅಷ್ಟೇ, ಲ.ಸಾ.ಅ. ಬರುತ್ತಿತ್ತು. ಪಕ್ಕದ ಹುಡುಗ ಮೇಲೆ 5, ಕೆಳಗೆ 9 ಅಂತ ಬರೆದಿರುತ್ತಾನೆ. ಅವನದು ಬೇರೆಯೇ ತಪ್ಪು. ಅವನಿಗೆ ರೊಟ್ಟಿಯ ಚಿತ್ರದಿಂದಲೇ ಶುರು ಮಾಡಬೇಕು. ಮುಕ್ಕಾಲಿಗೆ ಇನ್ನೂ ಒಂದಷ್ಟು ಸೇರಿಸಿದರೆ ಅರ್ಧದ ಹತ್ತಿರಕ್ಕೆ ಇಳಿಯುವುದು ಹೇಗೆ ಅಂತ ಅವನೇ ನೋಡಬೇಕು.

ವಾಟ್ಸಾಪಿಗೆ ಬರುವ ಫೋಟೋದಲ್ಲಿ ಇದು ಯಾವುದೂ ಇರುವುದಿಲ್ಲ. ಎರಡೂ ಉತ್ತರ ತಪ್ಪು, ಎರಡಕ್ಕೂ ಕೆಂಪು ಗೆರೆ. ಪೆನ್ಸಿಲ್ ಎಲ್ಲಿ ನಿಂತಿತು, ಏನನ್ನು ಬರೆದು ಅಳಿಸಿದಳು, ಪಕ್ಕದವನ ಪುಸ್ತಕ ನೋಡಿದಳೋ ಇಲ್ಲವೋ, ಎಲ್ಲವೂ ಹೋಗಿರುತ್ತದೆ. ಮನೆಯಿಂದ ಪಾಠ ಮಾಡುವವರು ಬೋರ್ಡನ್ನು ಮನೆಗೆ ತಂದರು, ಪಾಠವನ್ನೂ ತಂದರು. ಬೆಂಚುಗಳ ನಡುವಿನ ದಾರಿಯನ್ನು ಮಾತ್ರ ತರಲಿಲ್ಲ. ಅದನ್ನೂ ತರಬಹುದು, ಕಷ್ಟವೇನಿಲ್ಲ.

ಮುಖ ಬೇಡ, ಕೈ ಕಾಣಲಿ

ಆನ್‌ಲೈನ್ ಕ್ಲಾಸು ಅಂದ ಕೂಡಲೇ “ಎಲ್ಲರೂ ಕ್ಯಾಮೆರಾ ಆನ್ ಮಾಡಿ” ಅನ್ನುವುದು ರೂಢಿ. ಆನ್ ಮಾಡಿದರೆ ಕಾಣುವುದು ಮಕ್ಕಳ ಹಣೆ, ಹಿಂದಿನ ಕ್ಯಾಲೆಂಡರು, ಓಡಾಡುವ ಅಜ್ಜಿ. ಮೊದಲ ಹತ್ತು ನಿಮಿಷ ವಿವರಣೆ ನಡೆಯುವಾಗ ಅದು ಸರಿಯೇ. ಲೆಕ್ಕ ಮಾಡುವ ಹೊತ್ತಿಗೆ ಫೋನನ್ನು ತಿರುಗಿಸಬೇಕು. ಮಗುವಿನ ಮನೆಯಲ್ಲಿ ಸ್ಟ್ಯಾಂಡು ಕೊಳ್ಳುವ ಅಗತ್ಯವಿಲ್ಲ. ಪಠ್ಯಪುಸ್ತಕಗಳನ್ನೋ, ಬೋರಲು ಹಾಕಿದ ಸ್ಟೀಲ್ ಡಬ್ಬವನ್ನೋ ಸುಮಾರು 30 ಸೆಂಟಿಮೀಟರ್ ಎತ್ತರಕ್ಕೆ ಜೋಡಿಸಿ, ಮೇಲೆ ಮೊಬೈಲನ್ನು ಅಂಗಾತ ಮಲಗಿಸಬೇಕು. ಮುಕ್ಕಾಲು ಭಾಗ ಡಬ್ಬದ ಮೇಲಿರಲಿ, ಹಿಂದಿನ ಕ್ಯಾಮೆರಾ ಇರುವ ಕಾಲು ಭಾಗ ಮಾತ್ರ ಅಂಚಿನಿಂದ ಆಚೆ ಚಾಚಿರಲಿ. ಜಾರದ ಹಾಗೆ ಮೇಲೊಂದು ಪುಸ್ತಕ ಇಟ್ಟರಾಯಿತು. ಆ ಎತ್ತರದಿಂದ ಬಿಡಿಸಿಟ್ಟ ನೋಟ್‌ಬುಕ್ಕು, ಬರೆಯುವ ಕೈ ಎರಡೂ ಕಾಣುತ್ತವೆ. ಇದಕ್ಕಿಂತ ತಗ್ಗಿದರೆ ಒಂದೇ ಪುಟ ಸಿಗುತ್ತದೆ, ಎತ್ತರವಾದರೆ ಅಂಕಿಗಳು ಸಣ್ಣವಾಗುತ್ತವೆ. ಆಗ ಮಗುವಿಗೆ ಶಿಕ್ಷಕರ ಮುಖ ಕಾಣುವುದಿಲ್ಲ, ಧ್ವನಿ ಮಾತ್ರ ಕೇಳುತ್ತದೆ. ತರಗತಿಯಲ್ಲೂ ಹಾಗೇ ಅಲ್ಲವೇ, ಮೇಷ್ಟ್ರು ಬೆನ್ನ ಹಿಂದೆ ಬಂದು ನಿಂತಾಗ?

ಬೆಳಕು ಬರೆಯುವ ಕೈಯ ಎದುರು ಬದಿಯಿಂದ ಬರಬೇಕು. ಬಲಗೈಯಲ್ಲಿ ಬರೆಯುವ ಮಗುವಿಗೆ ಕಿಟಕಿ ಎಡಕ್ಕೆ. ಇಲ್ಲದಿದ್ದರೆ ಬರೆಯುತ್ತಿರುವ ಜಾಗದ ಮೇಲೇ ಕೈಯ ನೆರಳು ಬಿದ್ದು, ನೋಡಬೇಕಾದ ಅಂಕಿಯೇ ಕಾಣುವುದಿಲ್ಲ. ಪೆನ್ಸಿಲ್ ಬೆಳ್ಳಗೆ ಹೊಳೆಯುತ್ತದೆ, ನೀಲಿ ಅಥವಾ ಕಪ್ಪು ಪೆನ್ನು ಒಳ್ಳೆಯದು. ಪೆನ್ನಿನಿಂದ ಇನ್ನೊಂದು ಉಪಕಾರ ಇದೆ, ಅಳಿಸಲು ಆಗುವುದಿಲ್ಲ. “ತಪ್ಪಾದ್ರೆ ಒಂದೇ ಗೆರೆ ಎಳಿ, ಗೀಚ್ಬೇಡ” ಅಂತ ಮೊದಲ ದಿನವೇ ಹೇಳಿಬಿಟ್ಟರೆ ಮಗು ಯೋಚಿಸಿದ ದಾರಿ ಪುಟದ ಮೇಲೆ ಉಳಿಯುತ್ತದೆ. ಇದೊಂದು ನಿಯಮವನ್ನು ನಾನು ಯಾವ ಆ್ಯಪ್‌ಗಿಂತಲೂ ಹೆಚ್ಚು ಬೆಲೆಯದು ಅಂತ ನಂಬಿದ್ದೇನೆ.

ಶಿಕ್ಷಕರ ಕಡೆಯೂ ಗೋಡೆಯ ಬೋರ್ಡಿಗಿಂತ ಕಾಗದವೇ ಮೇಲು. ಬೋರ್ಡಿನ ಮೇಲೆ ಟ್ಯೂಬ್‌ಲೈಟ್ ಹೊಳೆದು ಅರ್ಧ ಅಕ್ಷರ ಮಾಯವಾಗುತ್ತದೆ. ಮೇಜಿಗೆ ಕಚ್ಚಿಸುವ, ಬಾಗುವ ಕತ್ತಿನ ಸ್ಟ್ಯಾಂಡಿನಲ್ಲಿ ಒಂದು ಹಳೆಯ ಮೊಬೈಲನ್ನು ಕಾಗದದಿಂದ 40 ಸೆಂಟಿಮೀಟರ್ ಮೇಲೆ ನಿಲ್ಲಿಸಿ, ಗೆರೆಯಿಲ್ಲದ ಎ4 ಹಾಳೆಯನ್ನು ಅಡ್ಡಡ್ಡ ಇಟ್ಟು, ಸ್ಕೆಚ್ ಪೆನ್ನಿನಲ್ಲಿ ಒಂದು ಸೆಂಟಿಮೀಟರ್ ಎತ್ತರದ ಅಂಕಿ ಬರೆದರೆ ಸಣ್ಣ ಫೋನಿನಲ್ಲೂ ಓದಬಹುದು. ಇಲ್ಲಿ ಎರಡು ತಪ್ಪು ಎಲ್ಲರಿಂದಲೂ ಆಗುತ್ತವೆ. ಲ್ಯಾಪ್‌ಟಾಪಿನಲ್ಲೂ ಈ ಮೊಬೈಲಿನಲ್ಲೂ ಒಂದೇ ಕ್ಲಾಸಿಗೆ ಸೇರಿಕೊಂಡಾಗ ಕೀ ಅಂತ ಕಿರುಚು ಸದ್ದು ಬರುತ್ತದೆ. ಒಂದರ ಸ್ಪೀಕರಿನ ಧ್ವನಿಯನ್ನು ಇನ್ನೊಂದರ ಮೈಕು ಹಿಡಿದು ವಾಪಸ್ ಕಳಿಸುವುದರಿಂದ ಹಾಗಾಗುತ್ತದೆ. ಮೊಬೈಲನ್ನು ಮ್ಯೂಟ್ ಮಾಡಿದರೆ ಸಾಲದು, ಅದರ ಸ್ಪೀಕರನ್ನೂ ಪೂರ್ತಿ ನಿಲ್ಲಿಸಬೇಕು. ಎರಡನೆಯದು, ಕೈ ಅಲ್ಲಾಡಿದಾಗಲೆಲ್ಲ ಚಿತ್ರ ಮಸುಕಾಗುವುದು. ಕ್ಯಾಮೆರಾ ಪ್ರತಿ ಸಲವೂ ಕೈಗೆ ಫೋಕಸ್ ಮಾಡಲು ಹೋಗುತ್ತದೆ. ಕೈಯನ್ನು ಕಾಗದಕ್ಕೆ ಒತ್ತಿಕೊಂಡೇ ಬರೆದು, ವಿವರಿಸುವಾಗ ಕೈ ಹಿಂದಕ್ಕೆ ಎಳೆದುಕೊಂಡರೆ ಇದು ಬಹುಮಟ್ಟಿಗೆ ತಪ್ಪುತ್ತದೆ.

ಉಚಿತ ಖಾತೆಯಲ್ಲಿ ಝೂಮ್ 40 ನಿಮಿಷಕ್ಕೆ ಕಡಿದುಹೋಗುತ್ತದೆ, ಮೂರು ಅಥವಾ ಹೆಚ್ಚು ಜನ ಇದ್ದರೆ ಗೂಗಲ್ ಮೀಟ್ 60 ನಿಮಿಷಕ್ಕೆ. ನಲವತ್ತು ನಿಮಿಷ ಅಂದರೆ ಶಾಲೆಯ ಒಂದು ಪೀರಿಯಡ್ಡು. ಆ ಅಳತೆ ಶಿಕ್ಷಕರ ಮೈಯಲ್ಲೇ ಇದೆ, ಹಾಗಾಗಿ ದುಡ್ಡು ಕೊಟ್ಟು ಉದ್ದ ಮಾಡಬೇಕಾಗಿಲ್ಲ. ಹತ್ತು ನಿಮಿಷ ವಿವರಣೆ, ಇಪ್ಪತ್ತೈದು ನಿಮಿಷ ಮಕ್ಕಳ ಕೈ ನೋಡುವುದು, ಐದು ನಿಮಿಷ ಮನೆಲೆಕ್ಕ. ಶಾಲೆಯಲ್ಲಿ ಅರವತ್ತು ಮಕ್ಕಳೆದುರು ಎತ್ತಿದ ಧ್ವನಿ ಇಲ್ಲಿ ಬೇಡ. ಗಂಟಲಿಗೆ ಅದು ಅಭ್ಯಾಸವಾಗಿ ಹೋಗಿರುತ್ತದೆ, ಇಳಿಸಿಕೊಳ್ಳಲು ಕೆಲವು ವಾರಗಳೇ ಬೇಕು.

ನಾಲ್ಕು ಮಕ್ಕಳ ಲೆಕ್ಕ

ಒಂದು ಪರದೆಯಲ್ಲಿ ನಾಲ್ಕು ಕೈಗಳನ್ನು ನಿಜವಾಗಿ ನೋಡಬಹುದು. ಐದು ಕಷ್ಟ. ಎಂಟಾದರೆ ಮತ್ತೆ “ಅರ್ಥ ಆಯ್ತಾ?” “ಹೂಂ ಮಿಸ್” ಎನ್ನುವಲ್ಲಿಗೇ ಬಂದು ನಿಲ್ಲುತ್ತದೆ. ಫೀಸಿನ ಲೆಕ್ಕ ಈ ನಾಲ್ಕರಿಂದ ಶುರುವಾಗಬೇಕು. ಬಹಳ ಜನ ಉಲ್ಟಾ ಹೋಗುತ್ತಾರೆ. ಸುತ್ತಮುತ್ತ ಟ್ಯೂಷನ್ನಿಗೆ ಎಷ್ಟು ತಗೊಳ್ಳುತ್ತಾರೆ ಅಂತ ಕೇಳಿ, ಅದಕ್ಕಿಂತ ಸ್ವಲ್ಪ ಕಡಿಮೆ ಹೇಳಿ, ಆಮೇಲೆ ಮಕ್ಕಳ ಸಂಖ್ಯೆ ಏರಿಸುತ್ತಾ ಹೋಗುತ್ತಾರೆ.

ತಿಂಗಳಿಗೆ 25,000 ಸಂಬಳ ಇತ್ತು ಅಂತ ಇಟ್ಟುಕೊಳ್ಳೋಣ. ವರ್ಷಕ್ಕೆ ಮೂರು ಲಕ್ಷ. ಅದರ ಜೊತೆಗೆ ಆಡಳಿತ ಮಂಡಳಿ ಪಿ.ಎಫ್.ಗೆ ಹಾಕುತ್ತಿದ್ದದ್ದು ತಿಂಗಳಿಗೆ 1,800 (15,000ಕ್ಕೆ ಶೇ. 12), ವರ್ಷಕ್ಕೆ 21,600. ಕೆಲಸ ಬಿಡುವಾಗ ಕೈಗೆ ಬರುವ ಗ್ರಾಚ್ಯುಟಿ ಕಣ್ಣಿಗೆ ಕಾಣದೆ ವರ್ಷಕ್ಕೆ ಹದಿನೈದು ದಿನದ ಸಂಬಳದಂತೆ ಕೂಡುತ್ತಿತ್ತು. ಇಎಸ್‌ಐ (ನೌಕರರ ವಿಮೆ) ಇದ್ದವರಿಗೆ ಅದೂ ಹೋಯಿತು, ಈಗ ಆರೋಗ್ಯ ವಿಮೆ ಸ್ವಂತ ಖರ್ಚು. ನೆಟ್ಟು, ಕರೆಂಟು ಸೇರಿಸಿ. ಎಲ್ಲ ಸೇರಿ ಮೂರೂವರೆ ಲಕ್ಷ ದುಡಿದರೆ ಹಳೆಯ ಸಂಬಳಕ್ಕೆ ಸಮ. ಆದರೆ ಟ್ಯೂಷನ್ನಿನ ವರ್ಷಕ್ಕೆ ಹನ್ನೆರಡು ತಿಂಗಳಿಲ್ಲ. ಜೂನ್ ಮೊದಲೆರಡು ವಾರ ಸಮವಸ್ತ್ರ, ಪುಸ್ತಕದಲ್ಲೇ ಕಳೆಯುತ್ತದೆ. ದಸರಾ ರಜೆಯಲ್ಲಿ ಅರ್ಧ ಮಕ್ಕಳು ಊರಲ್ಲಿರುವುದಿಲ್ಲ. ಏಪ್ರಿಲ್ ಹತ್ತರ ಮೇಲೆ ಯಾರೂ ಇರುವುದಿಲ್ಲ. ಹತ್ತು ತಿಂಗಳು ಅಂತ ಹಿಡಿದರೆ ತಿಂಗಳಿಗೆ 35,000 ಬೇಕು.

ಒಬ್ಬೊಬ್ಬರಿಗೇ ಗಂಟೆಗೆ 250ರಂತೆ ಹೇಳಿಕೊಟ್ಟರೆ ಇದಕ್ಕೆ 140 ಗಂಟೆ ಆಗುತ್ತದೆ, ವಾರಕ್ಕೆ 35. ಪಾಠದ ಒಂದು ಗಂಟೆಗೆ ಅರ್ಧ ಗಂಟೆಯಾದರೂ ತಯಾರಿ, ತಿದ್ದುವುದು, ಪೋಷಕರ ಫೋನು ಇದ್ದೇ ಇರುತ್ತದೆ. ವಾರಕ್ಕೆ 52 ಗಂಟೆ! ಶಾಲೆಯೇ ವಾಸಿ ಅನ್ನಿಸುವುದು ಇಲ್ಲೇ. ನಾಲ್ಕು ಮಕ್ಕಳ ಗುಂಪಿಗೆ ತಲಾ ಗಂಟೆಗೆ 150 ಅಂದರೆ 600. ತಿಂಗಳಿಗೆ 60 ಗಂಟೆ ಪಾಠ ಮಾಡಿದರೆ 36,000. ವಾರಕ್ಕೆ 15 ಗಂಟೆ ಪಾಠ, ಏಳೆಂಟು ಗಂಟೆ ಹೊರಗಿನ ಕೆಲಸ. ನಾಲ್ಕೇ ಮಕ್ಕಳು ಇರುವುದರಿಂದ ತಿದ್ದುವ ಕೆಲಸದಲ್ಲೂ ಅರ್ಧ ಪಾಠದ ಹೊತ್ತಲ್ಲೇ ಮುಗಿದಿರುತ್ತದೆ. ಪೋಷಕರಿಗೆ ಇದನ್ನು ನೇರವಾಗಿ ಹೇಳಬೇಕು: “ನಾಲ್ಕಕ್ಕಿಂತ ಹೆಚ್ಚು ಮಕ್ಕಳನ್ನ ತಗೊಳಲ್ಲ, ನಿಮ್ಮ ಮಗು ಬರೆಯೋದನ್ನ ನಾನು ನೋಡ್ತಿರ್ತೀನಿ.” ಫೀಸಿನ ಬಗ್ಗೆ ಚೌಕಾಸಿ ಆಗ ಕಡಿಮೆಯಾಗುತ್ತದೆ. ಫೀಸು ತಿಂಗಳ ಮೊದಲೇ ತೆಗೆದುಕೊಳ್ಳಿ. ಮಗು ತಪ್ಪಿಸಿಕೊಂಡ ಕ್ಲಾಸಿಗೆ ಫೀಸು ಕಡಿಮೆ ಮಾಡುವ ಬದಲು ಶನಿವಾರ ಒಂದು ಗಂಟೆ ಖಾಲಿ ಇಟ್ಟು ಅಲ್ಲಿ ಹೇಳಿಕೊಡುವುದು ಸುಲಭ.

ಕಾಲ ಗಮನಿಸಿ. ಜೂನ್‌ನಲ್ಲಿ ಸೇರುವವರು ಕಡಿಮೆ. ಅರ್ಧವಾರ್ಷಿಕ ಪರೀಕ್ಷೆಯ ಅಂಕ ಕೈಗೆ ಬಂದ ಮೇಲೆ, ದಸರಾ ಕಳೆದು, ಫೋನುಗಳು ಶುರುವಾಗುತ್ತವೆ. ಜನವರಿಯಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳು ಮುಗಿಬೀಳುತ್ತಾರೆ, ಆಗ ತೆಗೆದುಕೊಂಡರೆ ಎರಡೂವರೆ ತಿಂಗಳಲ್ಲಿ ಎಂಟು, ಒಂಬತ್ತನೇ ತರಗತಿಯ ಕೊರತೆಯನ್ನೂ ತುಂಬಬೇಕಾಗುತ್ತದೆ. ಮೊದಲ ವರ್ಷ ಅಕ್ಟೋಬರ್‌ವರೆಗೆ ಕೈ ಖಾಲಿ ಇರುತ್ತದೆ ಅಂತಲೇ ತಿಳಿದು, ಆರು ತಿಂಗಳ ಮನೆ ಖರ್ಚು ಬ್ಯಾಂಕಿನಲ್ಲಿ ಇಟ್ಟುಕೊಂಡು ಶಾಲೆ ಬಿಡುವುದು ಕ್ಷೇಮ. ಬಿಡುವ ಮುಂಚೆ ಸಂಜೆ ಟ್ಯೂಷನ್ ಮಾಡಿ ನೋಡೋಣ ಅನ್ನುವ ಹಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಮು ಶಿಕ್ಷಕರು ಖಾಸಗಿ ಟ್ಯೂಷನ್ ನಡೆಸುವುದನ್ನು ನಿಷೇಧಿಸುತ್ತದೆ. ಅಣ್ಣನ ಮಗನಿಗೋ ತಂಗಿಯ ಮಗಳಿಗೋ ಹಣವಿಲ್ಲದೆ ಹೇಳಿಕೊಟ್ಟು ಕ್ಯಾಮೆರಾ, ಬೆಳಕು, ನೆಟ್ಟು ಪರೀಕ್ಷಿಸಿಕೊಳ್ಳಬಹುದು.

ಬೀರುವಿನ ಕೀಲಿ ಕೊಡುವ ಮುಂಚೆ

ಏಪ್ರಿಲ್ ಎರಡನೇ ವಾರದ ಸ್ಟಾಫ್ ರೂಮು ಎಲ್ಲರಿಗೂ ಗೊತ್ತು. ಫಲಿತಾಂಶ ಅಂಟಿಸಿ ಆಗಿದೆ, ಫ್ಯಾನು ತಿರುಗುತ್ತಿದೆ, ಬಿಟ್ಟು ಹೋಗುವ ಮೇಡಂ ತಮ್ಮ ಬೀರುವಿನಿಂದ ಡಸ್ಟರು, ಅರ್ಧ ಡಬ್ಬಿ ಸೀಮೆಸುಣ್ಣ, ಹತ್ತು ವರ್ಷದ ಮಾರ್ಕ್ಸ್ ರಿಜಿಸ್ಟರು ತೆಗೆದು ಮೇಜಿನ ಮೇಲೆ ಇಡುತ್ತಿದ್ದಾರೆ. ಆಯಾ ಬಂದು, “ಹೋಗ್ತೀರಾ ಮಿಸ್?” ಅಂತ ಕೈ ಹಿಡಿದುಕೊಳ್ಳುತ್ತಾಳೆ. ಕೊರಳುಬ್ಬಿ ಬರುವ ಆ ಹೊತ್ತಿನಲ್ಲಿ ಆಫೀಸಿನವರು ಮುಂದಿಟ್ಟ ಕಾಗದಕ್ಕೆ ಓದದೆ ಸಹಿ ಹಾಕಿಬಿಡುತ್ತಾರೆ. ‘ನನಗೆ ಬರಬೇಕಾದ ಎಲ್ಲ ಬಾಕಿಯನ್ನೂ ಪಡೆದಿದ್ದೇನೆ’ ಅಂತ ಆ ಕಾಗದದಲ್ಲಿ ಇದ್ದರೆ, ಹಣ ಬಂದ ಮೇಲೆಯೇ ಸಹಿ ಮಾಡಬೇಕು.

ಖಾಸಗಿ ಶಾಲೆಯ ಶಿಕ್ಷಕರಿಗೆ ಗ್ರಾಚ್ಯುಟಿ ಇಲ್ಲ ಅನ್ನುವ ಮಾತು ಇನ್ನೂ ಓಡಾಡುತ್ತಿದೆ. ಅದಕ್ಕೊಂದು ಹಿನ್ನೆಲೆ ಇದೆ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆಯ ‘ನೌಕರ’ ಎಂಬ ಪದದೊಳಗೆ ಶಿಕ್ಷಕರು ಬರುವುದಿಲ್ಲ ಅಂತ ಸುಪ್ರೀಂ ಕೋರ್ಟು 2004ರಲ್ಲಿ ಹೇಳಿತ್ತು. ಸಂಸತ್ತು 2009ರಲ್ಲಿ ತಿದ್ದುಪಡಿ ಮಾಡಿ, 1997ರ ಏಪ್ರಿಲ್ 3ರಿಂದಲೇ ಅನ್ವಯ ಅಂತ ಬರೆಯಿತು. ಅದನ್ನು ಪ್ರಶ್ನಿಸಿದ ಖಾಸಗಿ ಶಾಲೆಗಳ ಅರ್ಜಿಗಳನ್ನು ಸುಪ್ರೀಂ ಕೋರ್ಟು 2022ರಲ್ಲಿ ತಳ್ಳಿಹಾಕಿತು. ಆ ಕಾಯ್ದೆಯ ಲೆಕ್ಕ ಇದು: ಐದು ವರ್ಷ ಸತತ ಸೇವೆ ಆಗಿದ್ದರೆ, ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆ ಕೂಡಿಸಿ, 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಆರು ತಿಂಗಳಿಗಿಂತ ಹೆಚ್ಚಿನ ತುಂಡು ಒಂದು ಪೂರ್ತಿ ವರ್ಷ. 18,000 ರೂಪಾಯಿ, 16 ವರ್ಷ 7 ತಿಂಗಳು ಅಂದರೆ 17 ವರ್ಷಕ್ಕೆ 1,76,538 ರೂಪಾಯಿ. ಇದು ಯಾರ ಔದಾರ್ಯವೂ ಅಲ್ಲ, ದುಡಿದ ಹಣ. ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಒಂದು ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಪ್ರತಿ ವರ್ಷದ ನೇಮಕಾತಿ ಪತ್ರ, ಸಂಬಳ ಜಮಾ ಆದ ಪಾಸ್‌ಬುಕ್ಕಿನ ಪುಟ ಜೋಪಾನ. ಸೇವೆ ಸತತ ಅಲ್ಲ ಅನ್ನುವ ತಕರಾರು ಬಂದಾಗ ಉತ್ತರ ಹೇಳುವುದು ಅವೇ.

ಪಿ.ಎಫ್.ನಲ್ಲಿ ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವುದು ಹೆಸರಿನಲ್ಲಿ. ಸೇರುವಾಗ ಇನಿಷಿಯಲ್ಲು, ಆಧಾರಿನಲ್ಲಿ ಅಪ್ಪನ ಹೆಸರು, ಬ್ಯಾಂಕಿನಲ್ಲಿ ಗಂಡನ ಹೆಸರು. ಮೂರೂ ಒಂದೇ ಆಗುವವರೆಗೆ ಕ್ಲೇಮು ವಾಪಸ್ ಬರುತ್ತಲೇ ಇರುತ್ತದೆ. ಕೆಲಸದಲ್ಲಿ ಇರುವಾಗಲೇ ಇದನ್ನು ಸರಿ ಮಾಡಿಸಿಕೊಳ್ಳುವುದು ಸಲೀಸು. ಬಿಟ್ಟ ದಿನಾಂಕವನ್ನು ಶಾಲೆಯವರು ನಮೂದಿಸದಿದ್ದರೆ, ಕೊನೆಯ ವಂತಿಗೆಯಾಗಿ ಎರಡು ತಿಂಗಳ ಮೇಲೆ ಪೋರ್ಟಲಿನಲ್ಲಿ ನೀವೇ ನಮೂದಿಸಬಹುದು. ಹತ್ತು ವರ್ಷ ದಾಟಿದವರ ಪಿಂಚಣಿ ಭಾಗ ಇಡಿಯಾಗಿ ಕೈಗೆ ಸಿಗುವುದಿಲ್ಲ, 58ಕ್ಕೆ ಪಿಂಚಣಿಯಾಗಿ ಬರುತ್ತದೆ. 50ರಿಂದಲೇ ಬೇಕೆಂದರೆ ವರ್ಷಕ್ಕೆ ಶೇ. 4ರಂತೆ ಕಡಿತ. ಸರ್ಕಾರಿ ಶಾಲೆಯವರು ಒಂದು ಪದ ಎಚ್ಚರಿಕೆಯಿಂದ ಬರೆಯಬೇಕು: ‘ರಾಜೀನಾಮೆ’ ಅಂದರೆ ಹಿಂದಿನ ಸೇವೆಯೆಲ್ಲ ಪಿಂಚಣಿ ಲೆಕ್ಕದಿಂದ ಹೋಗುತ್ತದೆ, ‘ಸ್ವಯಂ ನಿವೃತ್ತಿ’ ಅಂದರೆ ಉಳಿಯುತ್ತದೆ. ಶಾಲೆಯ ಬೀರುವಿನಲ್ಲಿ ಇಟ್ಟ ನಿಮ್ಮ ಮೂಲ ಅಂಕಪಟ್ಟಿಗಳನ್ನು ಕೀಲಿ ಕೊಡುವ ದಿನವೇ ಎಣಿಸಿ ತೆಗೆದುಕೊಳ್ಳಿ. ಸೇವಾ ಪ್ರಮಾಣ ಪತ್ರವೂ ಅವತ್ತೇ ಆಗಲಿ.

ಬರವಣಿಗೆಯ ಕೆಲಸ ಹಿಡಿಯುವವರಿಗೆ

ಪಾಠ ಬೇಡ, ಪ್ರಶ್ನೆಪತ್ರಿಕೆ, ಅನುವಾದ, ಪ್ರೂಫ್ ನೋಡುವುದು ಸಾಕು ಅನ್ನುವವರೂ ಇದ್ದಾರೆ. ಕನ್ನಡ ಟೈಪಿಂಗಿನ ‘ನುಡಿ’ ತಂತ್ರಾಂಶ ಅವರಿಗೆ ಚೆನ್ನಾಗಿ ಬರುತ್ತದೆ, ವರ್ಷಗಟ್ಟಲೆ ಪ್ರಶ್ನೆಪತ್ರಿಕೆ ಟೈಪ್ ಮಾಡಿದ್ದಾರೆ. ಆದರೆ ಕೆಲಸ ಕೊಡುವವರು ಈಗ ಯಾವ ಕಂಪ್ಯೂಟರಿನಲ್ಲೂ ಒಂದೇ ಥರ ತೆರೆಯುವ ಯೂನಿಕೋಡ್ ಅಕ್ಷರ ಕೇಳುತ್ತಾರೆ. ಹಳೆಯ ಕಡತವನ್ನು ಪರಿವರ್ತಿಸಿದಾಗ ಅರ್ಕಾವೊತ್ತು ಜಾಗ ಬದಲಾಯಿಸುತ್ತದೆ, ದೀರ್ಘ ಬೇರೆ ಚಿಹ್ನೆಯಾಗಿ ಉಳಿದುಬಿಡುತ್ತದೆ. ಕಣ್ಣಿಗೆ ‘ದೇಶ’ ಅಂತಲೇ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ. ಒಪ್ಪಿಸುವ ಮುಂಚೆ ಏತ್ವ, ಓತ್ವ ಇರುವ ಹತ್ತು ಪದಗಳನ್ನು ಹೊಸದಾಗಿ ಟೈಪ್ ಮಾಡಿ ಹುಡುಕಿ ನೋಡುವುದು ಒಳ್ಳೆಯ ಪರೀಕ್ಷೆ. ದರವನ್ನು ಪುಟದ ಲೆಕ್ಕದಲ್ಲಿ ಮಾತಾಡಬೇಡಿ, ಪದದ ಲೆಕ್ಕದಲ್ಲಿ ಮಾತಾಡಿ. ಪುಟ ಅಂದರೆ ಎಷ್ಟು ಪದ ಅಂತ ಪ್ರತಿಯೊಬ್ಬರಿಗೂ ಒಂದೊಂದು ಅಳತೆ.

ಜೂನ್ ಬಂದ ಮೇಲೆ

ಮಲೆನಾಡಿನ ಅಂಚಿನಲ್ಲಿ ಕೂತು ಮಾಡುವ ಕೆಲಸಕ್ಕೆ ಮಳೆಯೇ ಮೇಲ್ವಿಚಾರಕ. ರೂಟರಿಗೆ ಬೇಕಾಗುವುದು ಎಂಟೊಂಬತ್ತು ವ್ಯಾಟ್ ಅಷ್ಟೇ. 10,000 ಎಂಎಎಚ್‌ನ ಮಿನಿ ಯುಪಿಎಸ್ ಅದನ್ನು ಮೂರು ಗಂಟೆಗೂ ಹೆಚ್ಚು ನಡೆಸುತ್ತದೆ. ಕೊಳ್ಳುವ ಮುಂಚೆ ರೂಟರಿನ ಅಡಾಪ್ಟರ್ ತಿರುಗಿಸಿ ಓದಿ, 12 ವೋಲ್ಟೋ 9 ವೋಲ್ಟೋ ಅಂತ. ತಪ್ಪಿದರೆ ರೂಟರು ಸುಟ್ಟುಹೋದೀತು. ಮನೆಯಲ್ಲಿ ಕರೆಂಟ್ ಇದ್ದರೂ ನೆಟ್ ಹೋದರೆ, ಬೀದಿಯ ಕೊನೆಯಲ್ಲಿ ಕೇಬಲಿನವರ ಪೆಟ್ಟಿಗೆಗೆ ಕರೆಂಟ್ ಹೋಗಿರುವ ಸಂಭವ ಹೆಚ್ಚು. ಅದಕ್ಕೆ ಬೇರೆ ಕಂಪನಿಯ ಸಿಮ್ ಒಂದು ಬೇಕು. ವೀಡಿಯೊ ಪಾಠದ ಗಂಟೆಗೆ ಸುಮಾರು 1 ಜಿಬಿ ಅಂತ ಹಿಡಿಯಿರಿ, ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕು ಒಂದೂವರೆ ಗಂಟೆಗೇ ಮುಗಿಯುತ್ತದೆ. ಶೀಟಿನ ಮನೆಯಾದರೆ ಆಷಾಢದ ಮಳೆಯ ಸದ್ದಿಗೆ ಲ್ಯಾಪ್‌ಟಾಪಿನ ಮೈಕು ಸಾಲದು. ಬಾಯಿಯ ಹತ್ತಿರ ಮೈಕು ಬರುವ ವೈರಿನ ಇಯರ್‌ಫೋನೇ ಸರಿ.

ಇಷ್ಟೆಲ್ಲ ಇದ್ದರೂ ಸಕಲೇಶಪುರದ ಆಚೆ, ಮಳೆಗೆ ಜಿಲ್ಲಾಧಿಕಾರಿಗಳು ರಜೆ ಘೋಷಿಸಿದ ದಿನ, ಮಗುವಿನ ಕಡೆಯೇ ಏನೂ ಇರುವುದಿಲ್ಲ. ಆಗ ಕ್ಲಾಸು ರದ್ದು ಅನ್ನಬೇಡಿ. ಮಾಮೂಲಿ ಫೋನ್ ಮಾಡಿ. ಮಗುವಿಗೆ ಪಠ್ಯಪುಸ್ತಕದ ಲೆಕ್ಕದ ನಂಬರು ಹೇಳಿ, “ಬರೆಯೋದನ್ನ ಬರೀತಾ ಬರೀತಾ ಬಾಯಲ್ಲಿ ಹೇಳು” ಅನ್ನಿ. ಅದು ಹೇಳಿದ್ದನ್ನು ನಿಮ್ಮ ಹಾಳೆಯ ಮೇಲೆ ಹಾಗೇ ಬರೆದುಕೊಳ್ಳಿ, ತಪ್ಪಿದ್ದರೆ ತಪ್ಪೇ ಬರೆಯಿರಿ. “ಗೆರೆ ಎಳ್ದೆ ಮಿಸ್. ಕೆಳಗೆ ಇಪ್ಪತ್ತು. ಮೇಲೆ ಮೂರು...” ಅಲ್ಲಿ ಧ್ವನಿ ನಿಲ್ಲುತ್ತದೆ. ಶೀಟಿನ ಮೇಲೆ ಮಳೆ ಬೀಳುವುದು ಮಾತ್ರ ಕೇಳಿಸುತ್ತಿರುತ್ತದೆ. ಆ ಹೊತ್ತಿನಲ್ಲಿ ನೀವು ಮಾತಾಡಬಾರದು. ಎರಡು ಸೆಕೆಂಡು, ಮೂರು ಸೆಕೆಂಡು. ಆಮೇಲೆ ಮೆಲ್ಲಗೆ ಕೇಳಿ, “ನಾಲ್ಕು ಇಪ್ಪತ್ತಾಗ್ಬೇಕಾದ್ರೆ ಎಷ್ಟರಿಂದ ಗುಣಿಸ್ದೆ?”